ಹಳೆ ಕಿಟಕಿ ಉಜ್ಜಿಸುವ ಮೊದಲು

ಯುಗಾದಿಗೆ ಮುಂಚೆ ಮೈಸೂರಿನ ನಮ್ಮ ಹಳೆ ಮನೆಗೆ ಬಣ್ಣ ಹೊಡೆಸಿದೆವು. ಪೇಂಟರ್ ಅಣ್ಣ ಹಾಲ್‌ನ ಕಿಟಕಿಯ ಹಳದಿ ಬಣ್ಣವನ್ನು ನೀರು ಹಾಕದೆ ಹಾಗೇ ಪರಪರ ಉಜ್ಜಿದ್ದರು. ನನ್ನ ಹತ್ತು ತಿಂಗಳ ಮಗಳು ಅದರ ಕೆಳಗೆ ಅಂಬೆಗಾಲಿಡುತ್ತಿದ್ದಳು. ಅವಳ ಬೆರಳ ತುದಿಯೆಲ್ಲ ಹಳದಿ. ಅರಿಶಿನ ಮೆತ್ತಿದೆ ಅಂದುಕೊಂಡು ಸುಮ್ನೆ ಸೆರಗಿನಲ್ಲಿ ಒರೆಸಿಬಿಟ್ಟೆ. ಮತ್ತೆ ಬೆರಳು ಬಾಯಿಗೆ ಹೋಯಿತು.

ಹಳೆ ಆಯಿಲ್ ಪೇಂಟಿನಲ್ಲಿ, ಅದರಲ್ಲೂ ಹಳದಿ, ಕೆಂಪಿನಲ್ಲಿ ಸೀಸ (ಲೆಡ್) ಎಂಬ ವಿಷದ ಲೋಹ ಜಾಸ್ತಿ. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಎಂಬ ನಿಯಮ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣವಾದರೆ ಸೀಸ ಇದೆ ಅಂತಲೇ ಇಟ್ಟುಕೊಳ್ಳಿ.

ಬಣ್ಣ ಗಟ್ಟಿಯಾಗಿ ಕೂತಿದ್ದರೆ ಕೆರೆಯಲೇ ಬೇಡಿ, ಮೇಲೆ ಹೊಡೆಸಿ. ಚಕ್ಕೆ ಏಳುತ್ತಿದ್ದರೆ ಮಕ್ಕಳನ್ನೂ ಬಸುರಿಯರನ್ನೂ ಕೆಲಸ ಮುಗಿಯುವವರೆಗೆ ಅಜ್ಜಿ ಮನೆಗೆ ಕಳಿಸಿ. ಪಾತ್ರೆ, ಹಾಸಿಗೆ ಆಚೆ ಇಟ್ಟು, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಜ್ಜುಕಾಗದ) ತನ್ನಿ. ನೀರು ಚಿಮುಕಿಸಿಯೇ ಉಜ್ಜಬೇಕು, ಧೂಳು ಏಳಬಾರದು. ಬ್ಲೋ ಲ್ಯಾಂಪಿನಿಂದ ಸುಟ್ಟು ತೆಗೆಯುತ್ತೇನೆ ಅಂದರೆ ಒಪ್ಪಬೇಡಿ, ಆ ಹೊಗೆ ಇನ್ನೂ ಕೆಟ್ಟದ್ದು. ಮುಖಕ್ಕೆ ಟವೆಲ್ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಕೊಡಿ. ಕೊನೆಗೆ ಪೊರಕೆ ಮುಟ್ಟಬೇಡಿ! ಹಾಳೆ ಮಡಿಸಿ ಕಟ್ಟಿ, ಸೋಪಿನ ನೀರಲ್ಲಿ ಎರಡು ಸಲ ನೆಲ ಒರೆಸಿ. ನಾನು ಗುಡಿಸಿದ್ದೆ. ಪುಡಿ ಮನೆಯೆಲ್ಲ ಹರಡಿದ್ದು ಹಾಗೇ.

ಮಗು ಬಾಯಿಗೆ ಹಾಕಿಕೊಂಡಿದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸದ ಟೆಸ್ಟ್ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಜಾಸ್ತಿ ಬಂದರೆ, ಎಲ್ಲಿಂದ ಬಂತು ಅಂತ ಹುಡುಕಿ ತಡೆಯಬೇಕು. ನಮ್ಮವಳಿಗೆ 6 ಇತ್ತು. ಮೂರು ತಿಂಗಳಿಗೆ 4ಕ್ಕೆ ಇಳಿಯಿತು. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಸೀಸಕ್ಕಿಲ್ಲ ಅಂದರು ಡಾಕ್ಟರು. ಮಕ್ಕಳಲ್ಲಿ ಅದು ಕಲಿಯುವ ಶಕ್ತಿಗೇ ಪೆಟ್ಟು. ರಕ್ತದಲ್ಲಿ ಇಳಿದರೂ ಮೂಳೆಯೊಳಗೆ ಸೇರಿ ವರ್ಷಗಟ್ಟಲೆ ಕೂತಿರುತ್ತದೆ, ಬಸುರಿನಲ್ಲಿ ಮತ್ತೆ ರಕ್ತಕ್ಕೆ ಬರುತ್ತದೆ. ದೊಡ್ಡವರಿಗೆ ಬಿಪಿ, ಕಿಡ್ನಿ ತೊಂದರೆ. ಕಬ್ಬಿಣ, ಸುಣ್ಣದಂಶ ಕಡಿಮೆಯಿದ್ದರೆ ಮೈ ಸೀಸವನ್ನು ಜಾಸ್ತಿ ಹೀರುತ್ತದಂತೆ. ರಾಗಿ ಸರಿ, ಸೊಪ್ಪು, ಮೊಸರು ಬಿಡಲಿಲ್ಲ.

ಪೇಂಟರ್ ಅಣ್ಣನಿಗೂ ಟೆಸ್ಟ್ ಮಾಡಿಸಿ ಅಂದೆ. "ಇಪ್ಪತ್ತು ವರ್ಷದಿಂದ ಉಜ್ತಿದೀನಿ ಅಕ್ಕ, ಈಗ್ಯಾಕೆ?" ಅಂದರು.

ಅದಕ್ಕೇ ಮಾಡಿಸಿ ಅಂದೆ.