ಸ್ಲೀಪ್ ಆಪ್ನಿಯಾಗೆ ಯಾವ ಚಿಕಿತ್ಸೆ? ಮೊದಲು ರಿಪೋರ್ಟ್ ಓದಿ

ಸ್ಲೀಪ್ ಆಪ್ನಿಯಾ ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲೋ ತೊಂದರೆ. ಅದನ್ನು ಪತ್ತೆಮಾಡೋಕೆ ನಿದ್ದೆಯಲ್ಲಿ ಉಸಿರಾಟ ಅಳೆಯೋ ಪರೀಕ್ಷೆಯೇ ಸ್ಲೀಪ್ ಸ್ಟಡಿ. ಅದರ ರಿಪೋರ್ಟಿನಲ್ಲಿ ಎಎಚ್‌ಐ ಅಂತ ಒಂದು ಸಂಖ್ಯೆ ಇರುತ್ತದೆ. ನಿದ್ದೆಯಲ್ಲಿ ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡ್ ನಿಂತಿತು ಅಥವಾ ತೀರಾ ಕಮ್ಮಿಯಾಯಿತು ಅನ್ನೋ ಲೆಕ್ಕ ಅದು. 5ರಿಂದ 15 ಇದ್ದರೆ ಕಡಿಮೆ ಪ್ರಮಾಣ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಅಷ್ಟಕ್ಕೇ ಹಾಳೆ ಮಡಚಿಡಬೇಡಿ. ಅಂಗಾತ ಮಲಗಿದಾಗ ಎಷ್ಟು, ಮಗ್ಗುಲಲ್ಲಿ ಎಷ್ಟು ಅಂತ ಹುಡುಕಿ. ಅಂಗಾತ 28, ಮಗ್ಗುಲಲ್ಲಿ 4 ಇದ್ದರೆ ಬೆನ್ನ ಮೇಲೆ ಹೊರಳದ ಹಾಗೆ ಪಟ್ಟಿ ಕಟ್ಟಿಕೊಂಡು ಮಲಗೋದೇ ಸಾಕಾಗಬಹುದು. ಎರಡರಲ್ಲೂ 40 ಇದ್ದರೆ ಅದು ಸುಮ್ನೆ ಕಾಲಹರಣ.

ತೀವ್ರ ಇದ್ದವರು ಮೊದಲು ಸಿಪ್ಯಾಪ್, ಅಂದರೆ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡೋ ಮೆಷಿನ್, ನೋಡಬೇಕು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ತೋರಿಸಿಕೊಟ್ಟ ಉಪಾಯವೇ ಇವತ್ತಿಗೂ ನಡೀತಿದೆ: ಗಾಳಿಯ ಒತ್ತಡದಿಂದ ಗಂಟಲು ಮುಚ್ಚಿಕೊಳ್ಳದಂತೆ ತಡೆಯೋದು. ಜನ ಮೆಷಿನ್ ಹೋಲಿಸುತ್ತಾ ಕೂರುತ್ತಾರೆ, ಆದರೆ ಕಾಟ ಕೊಡೋದು ಮಾಸ್ಕ್. ಕೂತುಕೊಂಡು ಅಳತೆ ನೋಡಬೇಡಿ. ಮೆಷಿನ್ ಆನ್ ಮಾಡಿ, ಮಲಗಿ, ಮಗ್ಗುಲಾಗಿ, ಆಮೇಲೆ ಪಟ್ಟಿ ಸರಿಮಾಡಿ. ಗಾಳಿ ಸೋರಿದ ಕೂಡಲೇ ಎಲ್ಲರ ಕೈಯೂ ಪಟ್ಟಿ ಬಿಗಿಯೋಕೆ ಹೋಗುತ್ತದೆ, ಆದರೆ ಜಾಸ್ತಿ ಬಿಗಿದರೆ ಕುಷನ್ ಚಪ್ಪಟೆಯಾಗಿ ಇನ್ನೂ ಸೋರುತ್ತದೆ, ಮೂಗಿನ ಮೇಲೆ ಕೆಂಪು ಗೆರೆ ಬೇರೆ ಬೀಳುತ್ತದೆ. ಸಡಿಲಿಸಿ, ಮಾಸ್ಕನ್ನು ಸ್ವಲ್ಪ ಎತ್ತಿ ಮತ್ತೆ ಕೂರಿಸಿ. ಬೆಳಗ್ಗೆ ಬಾಯಿ ಒಣಗಿದ್ದರೆ ರಾತ್ರಿ ಬಾಯಿ ತೆರೆದುಕೊಳ್ತಿರಬಹುದು. ಆಗ ಮೂಗು ಬಾಯಿ ಎರಡನ್ನೂ ಮುಚ್ಚೋ ಮಾಸ್ಕ್ ಕೇಳಿ.

ಎಷ್ಟು ಮಾಡಿದರೂ ಒಗ್ಗಲಿಲ್ಲವೇ? ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡೋ ಸಾಧನವನ್ನು ದಂತವೈದ್ಯರು ಅಳತೆಗೆ ಮಾಡಿಕೊಡುತ್ತಾರೆ. ಎಎಚ್‌ಐ ಇಳಿಸೋದರಲ್ಲಿ ಸಿಪ್ಯಾಪ್ ಮುಂದಿದೆ ನಿಜ, ಆದರೆ ನಡುರಾತ್ರಿ ಕಿತ್ತಿಟ್ಟ ಮಾಸ್ಕಿಗಿಂತ ಬೆಳಗಿನವರೆಗೆ ಬಾಯಲ್ಲಿರೋ ಸಾಧನ ವಾಸಿ, ಅಲ್ವಾ? ಹಲ್ಲು ಗಟ್ಟಿ ಇರಬೇಕು. ವರ್ಷಗಳು ಕಳೆದಂತೆ ಹಲ್ಲು ಕೂಡೋ ರೀತಿ ಬದಲಾಗಬಹುದು, ಅದನ್ನ ಮೊದಲೇ ಕೇಳಿಕೊಳ್ಳಿ.

ತೂಕ ಜಾಸ್ತಿ ಇದ್ದವರಿಗೆ ತೂಕ ಇಳಿದರೆ ಎಎಚ್‌ಐ ಕೂಡ ಇಳಿಯುತ್ತದೆ. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರೋ ವಯಸ್ಕರಿಗೆ ತೂಕ ಇಳಿಸೋ ಟಿರ್ಜೆಪಟೈಡ್ ಔಷಧಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ ಒಪ್ಪಿದೆ. ಆದರೆ ತೂಕ ಇಳಿಯೋಕೆ ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಮಾಸ್ಕ್ ಬಿಡಬೇಡಿ.

ಆಪರೇಷನ್ ವಿಷಯದಲ್ಲಿ ನನಗೆ ಅವಸರ ಇಷ್ಟವಿಲ್ಲ. ಅಂಗುಳಿನ ಶಸ್ತ್ರಚಿಕಿತ್ಸೆ ಆದಮೇಲೆ ಗೊರಕೆ ತಗ್ಗಿ, ಉಸಿರು ನಿಲ್ಲೋದು ಹಾಗೇ ಉಳಿಯಬಹುದು. ಪಕ್ಕದಲ್ಲಿ ಮಲಗಿದವರಿಗೆ ಅದು ಗೊತ್ತೇ ಆಗಲ್ಲ. ಹಾಗಾಗಿ ಆಪರೇಷನ್ನೋ ಬಾಯಿಯ ಸಾಧನವೋ, ಏನೇ ಆರಿಸಿಕೊಂಡರೂ ಕೆಲವು ತಿಂಗಳ ನಂತರ ಇನ್ನೊಂದು ಸ್ಲೀಪ್ ಸ್ಟಡಿ ಮಾಡಿಸಿ, ಹಳೇ ರಿಪೋರ್ಟಿನ ಪಕ್ಕ ಇಟ್ಟು ನೋಡಿ.