ಮನೆಯವರೆಲ್ಲ ಕೂತು ಹುಲಿ ಸಿನಿಮಾ ನೋಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಕರ್ಚೀಫ್ ಸಾಲುವುದಿಲ್ಲ, ಪಕ್ಕದಲ್ಲಿ ಟವೆಲ್ ಇಟ್ಟುಕೊಳ್ಳಿ. ಗಿರಿನಗರದ ನಮ್ಮ ಮನೆಯಲ್ಲಿ ಟೀವಿ ಒಂದೇ. ಎಪ್ಪತ್ತು ದಾಟಿದ ಅಮ್ಮನಿಂದ ಹಿಡಿದು ಒಂಬತ್ತು ವರ್ಷದ ಮಗಳವರೆಗೆ ಎಲ್ಲರಿಗೂ ಒಟ್ಟಿಗೆ ಗಂಟಲು ಕಟ್ಟುವಂಥ ಸಿನಿಮಾ ಸಿಗುವುದು ಕಷ್ಟ. ಹುಲಿ ಸಿನಿಮಾಗಳಲ್ಲಿ ಸಿಗುತ್ತದೆ. ಆದರೆ ಹುಷಾರಾಗಿ ಆರಿಸಬೇಕು.

ನಾನು ನೋಡುವುದು ಒಂದೇ ವಿಷಯ: ಹುಲಿ ಕೊನೆಯವರೆಗೂ ಹುಲಿಯಾಗಿಯೇ ಇರುತ್ತದಾ? ಮಾತಾಡುವ ಹುಲಿ, ಸಾಕುನಾಯಿಯ ಹಾಗೆ ಹಿಂದೆ ಹಿಂದೆ ಬರುವ ಹುಲಿ, ಹೀರೋ ಕೈಯಲ್ಲಿ ಸಾಯಲಿಕ್ಕೆಂದೇ ಬರುವ ಹುಲಿ, ಮೂರೂ ಬೇಡ. ಅದರಲ್ಲೆಲ್ಲ ಕಣ್ಣೀರು ಬಂದರೂ ಬೆಳಿಗ್ಗೆ ಹೊತ್ತಿಗೆ ಮರೆತುಹೋಗಿರುತ್ತದೆ.

ಶುರು ಮಾಡುವುದಕ್ಕೆ 'ಟೂ ಬ್ರದರ್ಸ್' ಒಳ್ಳೆಯದು. 2004ರದ್ದು, ಜಾನ್ ಜಾಕ್ ಆನೊ ನಿರ್ದೇಶನ, ಫ್ರೆಂಚರ ಕಾಲದ ಕಾಂಬೋಡಿಯಾದ ಕಥೆ. ಪಾಳುಬಿದ್ದ ಗುಡಿಯಲ್ಲಿ ಹುಟ್ಟಿದ ಎರಡು ಮರಿಗಳಲ್ಲಿ ಒಂದು ಸರ್ಕಸ್ ಸೇರುತ್ತದೆ, ಇನ್ನೊಂದು ಒಬ್ಬ ಪುಟ್ಟ ಹುಡುಗನ ಮನೆಗೆ ಹೋಗುತ್ತದೆ. ಎಷ್ಟೋ ಹೊತ್ತು ಮಾತೇ ಇಲ್ಲ, ಬರೀ ಹುಲಿಗಳು. ಅದಕ್ಕೇ ಇಂಗ್ಲಿಷ್ ಸಬ್‌ಟೈಟಲ್ ಓದಲಾಗದ ನಮ್ಮಮ್ಮ "ಏನಂದ, ಏನಂದ" ಎಂದು ಕೇಳದೆ ಪೂರ್ತಿ ನೋಡಿದ ಒಂದೇ ವಿದೇಶಿ ಸಿನಿಮಾ ಇದು. ಬೆಳೆದ ಮೇಲೆ ಎರಡನ್ನೂ ಕಾದಾಡಲು ಅಖಾಡಕ್ಕೆ ಬಿಡುತ್ತಾರಲ್ಲ, ಅಲ್ಲಿ ಯಾರನ್ನೂ ಎಬ್ಬಿಸಬೇಡಿ, ಕಾಫಿ ಕೇಳಬೇಡಿ.

ಇನ್ನೊಂದು ಕೆಲಸ. ಹುಲಿಗಳು ಸ್ನೇಹದಿಂದ ಎದುರಾದಾಗ ಮೂಗಿನಲ್ಲಿ ಫುರ್ ಫುರ್ ಎಂದು ಉಸಿರು ಬಿಡುತ್ತವೆ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ. ಆಮೇಲೆ ನೋಡಿ, ಫ್ಯಾನ್ ಆಫ್ ಮಾಡಿಸಿ ಕಿವಿಗೊಟ್ಟು ಕೂರುತ್ತಾರೆ.

ಎರಡನೇ ವಾರಕ್ಕೆ 'ಲೈಫ್ ಆಫ್ ಪೈ', 2012ರದ್ದು, ಆಂಗ್ ಲೀ ನಿರ್ದೇಶನ, ಹಡಗು ಮುಳುಗಿದ ಮೇಲೆ ಒಂದೇ ದೋಣಿಯಲ್ಲಿ ಉಳಿದ ಹುಡುಗ ಮತ್ತು ಹುಲಿಯ ಕಥೆ. ಎರಡು ಗಂಟೆಗಿಂತ ಜಾಸ್ತಿ ಇದೆ, ಸಂಜೆ ಏಳಕ್ಕೇ ಹಾಕಿ. ನಾವು ಒಂಬತ್ತಕ್ಕೆ ಹಾಕಿದ್ದೆವು, ಹೊರಗೆ ಮಳೆ, ದೋಣಿ ದಡ ಸೇರುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಶುರುವಿನಲ್ಲೇ ಅಪ್ಪ ಮಗನಿಗೆ ಹುಲಿ ಮೇಕೆಯನ್ನು ಹಿಡಿಯುವುದನ್ನು ಬೇಕೆಂದೇ ತೋರಿಸುತ್ತಾನೆ. ಮಗು ಹೆದರುತ್ತದೆ ಎಂದು ಆ ದೃಶ್ಯವನ್ನು ಫಾರ್ವರ್ಡ್ ಮಾಡಬೇಡಿ. ಹುಲಿಯ ಕಣ್ಣಲ್ಲಿ ನೀನು ನೋಡುತ್ತಿರುವುದು ನಿನ್ನದೇ ಭಾವನೆ ಎಂದು ಅಪ್ಪ ಹೇಳುವ ಮಾತಿನ ಮೇಲೇ ಇಡೀ ಸಿನಿಮಾ ನಿಂತಿದೆ. ದೋಣಿಯಲ್ಲಿರುವ ಹುಲಿ ಬಹುಪಾಲು ಕಂಪ್ಯೂಟರ್‌ನಲ್ಲಿ ಮಾಡಿದ್ದು ಎನ್ನುವುದನ್ನು ಮಾತ್ರ ಸಿನಿಮಾ ಮುಗಿದ ಮೇಲೆ ಹೇಳಿ. ನನ್ನ ಭಾವ ಮೊದಲೇ ಹೇಳಿ ಎಲ್ಲರಿಂದ ಬೈಸಿಕೊಂಡರು.

ಕೊನೆ ಗೊತ್ತಾಗಬಾರದು ಎನ್ನುವವರು ಈ ಪ್ಯಾರಾ ಬಿಡಿ. 227 ದಿನ ಸಮುದ್ರದಲ್ಲಿ ಜೊತೆಗಿದ್ದ ಹುಲಿ ಕಾಡಿನ ಅಂಚಿನಲ್ಲಿ ಒಂದು ಗಳಿಗೆ ನಿಂತು, ತಿರುಗಿಯೂ ನೋಡದೆ ಒಳಗೆ ಹೋಗುತ್ತದೆ. ಮಗಳು "ಟಾಟಾನೂ ಮಾಡ್ಲಿಲ್ವಾ?" ಎಂದು ಕೇಳಿ ಜೋರಾಗಿ ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ನೀವೂ ಹೋಗಬೇಡಿ, ಸುಮ್ನೆ ಪಕ್ಕದಲ್ಲಿ ಕೂತಿರಿ.

ಕೊರಿಯಾದ 'ದಿ ಟೈಗರ್' (2015) ಮಕ್ಕಳು ಮಲಗಿದ ಮೇಲೆ, ರಕ್ತ ಜಾಸ್ತಿ. 1925ರಲ್ಲಿ ಜಪಾನೀಯರ ಆಳ್ವಿಕೆ, ಬೆಟ್ಟದಲ್ಲಿ ಉಳಿದಿರುವ ದೊಡ್ಡ ಹುಲಿ, ಬಂದೂಕು ಕೆಳಗಿಟ್ಟ ಮುದಿ ಬೇಟೆಗಾರ. ಇಬ್ಬರೂ ಒಂದೇ ಥರದ ಒಂಟಿಗಳು. ಇಷ್ಟೇ ಹೇಳುತ್ತೇನೆ.

ತಿಂಡಿಗೆ ಕಾಂಗ್ರೆಸ್ ಕಡ್ಲೆಕಾಯಿ ಸಾಕು. ಕೋಡುಬಳೆ ಬೇಡ, ಕಟುಂ ಕಟುಂ ಎನ್ನುತ್ತದೆ.

ಸಿನಿಮಾ ಆದ ಮೇಲೆ ತಕ್ಷಣ ಲೈಟ್ ಹಾಕಬೇಡಿ. ನಮ್ಮಲ್ಲಿ ಆ ಕತ್ತಲಲ್ಲೇ ಅಮ್ಮ ಗೋವಿನ ಹಾಡು ತೆಗೆದರು. ಪುಣ್ಯಕೋಟಿಗಾಗಿ ಎಲ್ಲರೂ ಅಳುತ್ತೇವೆ ನಿಜ, ಆದರೆ ಹಸಿದ ಹುಲಿ ಹಸುವನ್ನು ತಿನ್ನಲಾರದೆ ತಾನೇ ಪ್ರಾಣ ಬಿಡುತ್ತದಲ್ಲ, ಅದಕ್ಕೆ ಯಾರು ಅತ್ತರು ಎಂದು ಅಮ್ಮ ಕೇಳಿದರು. ಮಗಳು ಹುಲಿ ಪಾರ್ಟಿ. ನಾನೂ ಈಗ ಅದೇ.

ಮರುವಾರ ಮಕ್ಕಳು "ನಮಗೂ ಒಂದು ಮರಿ ಬೇಕು" ಎನ್ನುವುದು ಗ್ಯಾರಂಟಿ. ಆಗ ಬೈಯಬೇಡಿ, ಬನ್ನೇರುಘಟ್ಟಕ್ಕೆ ಕರೆದುಕೊಂಡು ಹೋಗಿ. ಮೆಜೆಸ್ಟಿಕ್‌ನಿಂದ 365 ಬಸ್ ಇದೆ. ಸಫಾರಿ ಗಾಡಿಯ ಜಾಲರಿಯ ಆಚೆ ಅದರ ಪಾದದ ಅಗಲ ನೋಡಿದರೆ ಸಾಕು, ಮರಿಯ ಮಾತು ಅಲ್ಲಿಗೇ ನಿಲ್ಲುತ್ತದೆ. 2022ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿ 563 ಹುಲಿ ಎಂದು ಲೆಕ್ಕ ಸಿಕ್ಕಿತ್ತು, ಅವಕ್ಕೆ ನಮ್ಮ ಪರಿಚಯ ಬೇಕಿಲ್ಲ ಎಂದೂ ದಾರಿಯಲ್ಲಿ ಹೇಳಿ. ಮಂಗಳವಾರ ಮಾತ್ರ ಹೋಗಬೇಡಿ, ರಜೆ. ನಾವು ರಜೆ ಹಾಕಿ, ಪುಳಿಯೋಗರೆ ಕಟ್ಟಿಕೊಂಡು ಹೋಗಿ, ಗೇಟ್ ನೋಡಿಕೊಂಡು ಬಂದಿದ್ದು ಮಂಗಳವಾರವೇ.