ಅಕ್ಕಡಿ ಸಾಲಿನಲ್ಲಿ ಹೂವು-ಹುಳದ ಲೆಕ್ಕ ಹಿಡಿಯುವ ಬಗೆ

ರಾಗಿಗೆ ಹುಳದ ಹಂಗಿಲ್ಲ. ತನ್ನ ತೆನೆಯೊಳಗೇ ಪರಾಗ ಮುಟ್ಟಿಸಿಕೊಂಡು ಕಾಳು ಕಟ್ಟುತ್ತದೆ. ಹೊಲಕ್ಕೆ ಹುಳ ಕರೆಸುವುದು ನಡುವೆ ಹಾಕಿದ ಅಕ್ಕಡಿ: ಹುಚ್ಚೆಳ್ಳು, ತೊಗರಿ, ಅವರೆ, ಸಾಸಿವೆ, ಅಂಚಿಗೆ ಹರಳು. ಹಳೇ ಮೈಸೂರು ಸೀಮೆಯ ಖುಷ್ಕಿ ಹೊಲಗಳಲ್ಲಿ ದಸರೆಯಿಂದ ದೀಪಾವಳಿ ದಾಟುವವರೆಗೆ ಇವು ಒಂದರ ಹಿಂದೊಂದು ಹೂವಿಗೆ ಬರುತ್ತವೆ. ವಾರಕ್ಕೊಂದು ಬೆಳಗ್ಗೆಯಂತೆ ಐದಾರು ವಾರ ಕೂತರೆ ಯಾವ ಹುಳ ಯಾವ ಗಿಡಕ್ಕೆ ಯಾತಕ್ಕೆ ಬರುತ್ತದೆ ಎಂಬುದು ತಿಳಿಯುತ್ತದೆ.

ನಾಲ್ಕೂವರೆ ಮೀಟರ್ ಹಗ್ಗ, ನಾಲ್ಕು ಗೂಟ, ನೋಟ್‌ಬುಕ್ಕು, ಪೆನ್ಸಿಲ್, ಮೊಬೈಲು ಇಷ್ಟು ಸಾಕು. ಪೆನ್ನು ಬೇಡ, ಇಬ್ಬನಿಗೆ ಶಾಯಿ ಕದಡುತ್ತದೆ. ಹಗ್ಗ ಕಟ್ಟಿದರೆ 1 ಮೀಟರ್ ಉದ್ದಗಲದ ಚೌಕವಾಗಿ ಗಂಟಿಗೂ ಸ್ವಲ್ಪ ಉಳಿಯುತ್ತದೆ. ಪ್ರತಿ ಬೆಳೆಗೆ ಮೂರು ಚೌಕ: ಬದುವಿನ ಪಕ್ಕ ಒಂದು, ಹೊಲದ ನಟ್ಟನಡುವೆ ಒಂದು, ಇವೆರಡರ ಮಧ್ಯೆ ಒಂದು. ಹೂವು ತುಂಬಿದ ಕಡೆಗೇ ಕಾಲು ಎಳೆಯುತ್ತದೆ. ಹಾಗೆ ಆರಿಸಿದರೆ ಲೆಕ್ಕ ಅಲ್ಲಿಗೇ ಕೆಟ್ಟಿತು. ಸಾಲಿನ ತುದಿಯಿಂದ ಇಂತಿಷ್ಟು ಹೆಜ್ಜೆ ಎಂದು ಮೊದಲೇ ಗೊತ್ತುಮಾಡಿಕೊಂಡು, ಹೆಜ್ಜೆ ಮುಗಿದಲ್ಲಿ ಗೂಟ ನೆಡಿ.

ಇಬ್ಬನಿ ಆರಿದ ಮೇಲೆ, ಸುಮಾರು 9ರಿಂದ 11ರ ನಡುವೆ ಕೂರಿ. ಮೋಡ ಕವಿದ ದಿನ, ಗಾಳಿಗೆ ಗಿಡ ಓಲಾಡುವ ದಿನ, ಔಷಧಿ ಹೊಡೆದ ವಾರ ಬಿಟ್ಟುಬಿಡಿ. ನಿಮ್ಮ ನೆರಳು ಚೌಕದ ಮೇಲೆ ಬೀಳಬಾರದು. ಮೊದಲು ಅರಳಿದ ಹೂ ಎಣಿಸಿ ಬರೆದುಕೊಳ್ಳಿ (ಹುಚ್ಚೆಳ್ಳಿನ ಒಂದು ಹಳದಿ ಚಕ್ರವೇ ಒಂದು ಹೂ ಎಂದು ಹಿಡಿಯಿರಿ). ಎರಡು ನಿಮಿಷ ಸುಮ್ಮನಿರಿ, ನೀವು ಬಂದ ಸದ್ದಿಗೆ ಚದುರಿದವು ವಾಪಸು ಬರಲಿ. ಆಮೇಲೆ 10 ನಿಮಿಷದ ಲೆಕ್ಕ.

ಎಣಿಸುವುದು ಹುಳವನ್ನಲ್ಲ, ಹೂವಿನ ಮೇಲೆ ಕೂತ ಸಲವನ್ನು. ಒಂದೇ ತುಡುವೆ ಜೇನು ಎಂಟು ಹೂ ಸುತ್ತಿದರೆ ಎಂಟು ಗೀಟು. ಚೌಕದಲ್ಲಿ 40 ಹೂ, 18 ಗೀಟು ಇದ್ದರೆ ಹೂವೊಂದಕ್ಕೆ 0.45 ಭೇಟಿ. ಹೂವಿನ ಸಂಖ್ಯೆಯಿಂದ ಭಾಗಿಸದೆ ಬರೀ ಗೀಟು ಹೋಲಿಸಿದರೆ ಹೂ ಹೆಚ್ಚಿದ್ದ ಚೌಕವೇ ಗೆಲ್ಲುತ್ತದೆ, ಅದರಿಂದ ತಿಳಿಯುವುದೇನೂ ಇಲ್ಲ.

ಗೀಟಿನ ಪಕ್ಕ ಹುಳ ಮಾಡುತ್ತಿದ್ದ ಕೆಲಸ ಬರೆಯಿರಿ: ‘ಮ’ ಮಕರಂದಕ್ಕೆ, ‘ಪ’ ಪರಾಗಕ್ಕೆ, ‘ರ’ ರಸ ಹೀರುವುದಕ್ಕೆ, ‘ಎ’ ಎಲೆ ತಿನ್ನುವುದಕ್ಕೆ, ‘ಬೇ’ ಬೇಟೆಗೆ, ‘ಮೊ’ ಮೊಟ್ಟೆ ಇಡುವುದಕ್ಕೆ, ‘ಕ’ ಕಳ್ಳತನಕ್ಕೆ. ಕಳ್ಳತನವೆಂದರೆ ಹೂವಿನ ಬುಡ ಸೀಳಿ, ಪರಾಗ ಮುಟ್ಟದೆ ಮಕರಂದ ಕುಡಿದು ಹೋಗುವುದು. ಹೆಸರು ಗೊತ್ತಿಲ್ಲದಿದ್ದರೂ ಕೆಲಸ ಬರೆದಿರಲಿ. ಹೆಸರನ್ನು ಫೋಟೊ ನೋಡಿ ಆಮೇಲೂ ಹುಡುಕಬಹುದು, ಕೆಲಸವನ್ನು ಹುಡುಕಲಾಗದು. ಫೋಟೊ ಮೂರಿರಲಿ: ಬೆನ್ನು, ಪಕ್ಕ, ಕೂತ ಗಿಡ. ಗಿಡ-ಹುಳಗಳ ಫೋಟೊ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದರೆ ಬಲ್ಲವರು ಗುರುತಿಸಿಕೊಡುತ್ತಾರೆ.

ತೊಗರಿಯ ಮುಂದೆ ಹೆಚ್ಚು ಹೊತ್ತು ಕೂರಿ. ಎಲೆ ಕತ್ತರಿಸುವ ಜೇನು ಬಂದು ಕೆಳಗಿನ ದೋಣಿಯಂಥ ದಳದ ಮೇಲೆ ಕೂತಾಗ ಆ ಭಾರಕ್ಕೆ ದಳ ಬಾಗಿ, ಒಳಗಿದ್ದ ಕೇಸರ ಹೊರಬಂದು ಹುಳದ ಹೊಟ್ಟೆಗೆ ಉಜ್ಜುತ್ತದೆ. ತುಡುವೆ ಪರಾಗವನ್ನು ಹಿಂಗಾಲಿನ ಬುಟ್ಟಿಯಲ್ಲಿ ಹೊತ್ತರೆ ಇದು ಹೊಟ್ಟೆಯಡಿಯ ಕೂದಲಲ್ಲಿ ಹೊರುತ್ತದೆ, ಅದಕ್ಕೇ ಹಾರುವಾಗ ಕೆಳಭಾಗ ಹಳದಿ ಕಾಣುತ್ತದೆ. ಸುತ್ತಲಿನ ಗಿಡಗಳ ಎಲೆಯಂಚಲ್ಲಿ ಬಳೆಚೂರಿನಂತೆ ದುಂಡಗೆ ಕತ್ತರಿಸಿದ ಗುರುತಿದ್ದರೆ ಅದರ ಗೂಡು ದೂರವಿಲ್ಲ. ಅದನ್ನು ಎಲೆ ತಿನ್ನುವ ಹುಳದ ಕಾಟವೆಂದು ಔಷಧಿ ಹೊಡೆಯುವುದುಂಟು, ಹೊಡೆಯಬೇಡಿ. ಆ ಎಲೆಚೂರು ಮರಿಗೆ ತೊಟ್ಟಿಲು ಕಟ್ಟಲು ಹೋಗಿದೆ.

ಸಾಸಿವೆಯ ಮೇಲೆ ಜೇನೆಂದು ಬರೆದದ್ದರಲ್ಲಿ ಹೂನೊಣವೂ ಸೇರಿರುತ್ತದೆ. ನೊಣಕ್ಕೆ ರೆಕ್ಕೆ ಎರಡೇ, ಮೀಸೆ ಮೋಟು, ಗಾಳಿಯಲ್ಲಿ ಒಂದೇ ಕಡೆ ನಿಲ್ಲುತ್ತದೆ. ಸಸ್ಯಹೇನು ಕಟ್ಟಿದ ಕುಡಿ ತಿರುಗಿಸಿ ನೋಡಿ: ಜಿಗಣೆಯಂಥ ಕಾಲಿಲ್ಲದ ಮರಿ ಹೇನು ತಿನ್ನುತ್ತಿದ್ದರೆ ಅದು ಈ ನೊಣದ್ದೇ. ಅವರೆಯ ಕುಡಿಯಲ್ಲಿ ಇರುವೆ ಸಾಲು ಕಂಡರೆ ‘ಬೇ’ ಬರೆಯಲು ಆತುರ ಬೇಡ. ಅವು ಹೇನಿನ ಸಿಹಿ ದ್ರವಕ್ಕೆ ಕಾವಲು ನಿಂತು ಹೇನು ತಿನ್ನಲು ಬರುವ ಗುಲಗಂಜಿ ಹುಳವನ್ನು ಓಡಿಸುತ್ತಿರುತ್ತವೆ. ಹರಳಿನಲ್ಲಿ ಕಥೆ ಬೇರೆ: ಎಲೆತೊಟ್ಟಿನ ಮೇಲಿನ ಗುಳ್ಳೆಗಳಲ್ಲೇ ಸಿಹಿ ಒಸರುತ್ತದೆ, ಹೂವಿಲ್ಲದ ದಿನವೂ ಇರುವೆ, ಕಣಜ ಅಲ್ಲಿರುತ್ತವೆ.

ಭೇಟಿಯಿಂದ ಕಾಳು ಕಟ್ಟಿತೇ ಎಂದು ತಿಳಿಯಲು ಹುಚ್ಚೆಳ್ಳಿನಲ್ಲಿ ಚೀಲದ ಪರೀಕ್ಷೆ ಮಾಡಿ. ಹುಚ್ಚೆಳ್ಳು ತನ್ನ ಪರಾಗಕ್ಕೆ ತಾನು ಕಾಳು ಕಟ್ಟುವುದು ತೀರಾ ಕಡಿಮೆ, ಗಿಡದಿಂದ ಗಿಡಕ್ಕೆ ಪರಾಗ ಸಾಗಬೇಕು. ಹತ್ತು ಗಿಡದಲ್ಲಿ ನಾಳೆ ಅರಳುವಂಥ ಎರಡೆರಡು ಮೊಗ್ಗು ಆರಿಸಿ. ಒಂದಕ್ಕೆ ಸೊಳ್ಳೆಪರದೆಯ ಚೀಲ, ಇನ್ನೊಂದಕ್ಕೆ ಬರೀ ಬಣ್ಣದ ದಾರ. ದಳ ಒಣಗಿದ ಮೇಲೆ ಚೀಲ ತೆಗೆದು, ಬಲಿತಾಗ ಎರಡನ್ನೂ ಬೇರೆ ಬೇರೆ ಬಿಡಿಸಿ ಗಟ್ಟಿ ಕಾಳು, ಜೊಳ್ಳು ಎಣಿಸಿ. ಪ್ಲಾಸ್ಟಿಕ್ ಚೀಲವಾದರೆ ಬೆವರಿ ಹೂ ಕೊಳೆಯುತ್ತದೆ. ಪರದೆ ಹೂವಿಗೆ ತಾಗಿದ್ದರೆ ಜೇನು ಹೊರಗಿನಿಂದಲೇ ಮುಟ್ಟುತ್ತದೆ, ಆದ್ದರಿಂದ ತಂತಿ ಬಳೆ ಇಟ್ಟು ಉಬ್ಬಿಸಿ. ಅರಳಿದ ಮೇಲೆ ಚೀಲ ಹಾಕಿದರೆ ಲೆಕ್ಕಕ್ಕೆ ಬಾರದು. ತೊಗರಿಯಲ್ಲಿ ಈ ಪರೀಕ್ಷೆಗೆ ಅಷ್ಟು ಸ್ಪಷ್ಟ ಉತ್ತರ ಸಿಗದು. ಮೊಗ್ಗಿನಲ್ಲೇ ಪರಾಗ ಬಿರಿಯುವುದರಿಂದ ಚೀಲದೊಳಗೂ ಕಾಯಿ ಕಟ್ಟುತ್ತದೆ. ಬೀಜದ ತೊಗರಿ ಬೆರಕೆಯಾಗದಿರಲೆಂದು ಅದೇ ಚೀಲ ಬಳಸಬಹುದು.

ರಾಗಿ ಕೊಯ್ಲಿಗೆ ಮುಂಚೆ ಒಂದು ಸಲ ಬದು ನಡೆಯಿರಿ. ಬರಿ ಮಣ್ಣಿನಲ್ಲಿ ಪೆನ್ಸಿಲ್ ಗಾತ್ರದ ತೂತು, ಸುತ್ತ ಹುಡಿಮಣ್ಣಿನ ಗುಡ್ಡೆ ಕಂಡರೆ ಅದು ನೆಲಜೇನಿನ ಮನೆಯಿರಬಹುದು, ಹತ್ತು ನಿಮಿಷ ಕಾದರೆ ಒಡೆಯ ಬಂದುಹೋಗುವುದು ಕಾಣುತ್ತದೆ. ಅಲ್ಲೊಂದು ಗೂಟ ಹೊಡೆದು, ಟ್ರ್ಯಾಕ್ಟರ್ ಬರುವ ದಿನ ಚಾಲಕನಿಗೆ ತೋರಿಸಿ.